ಬ್ಯಾಟರಿ ಮನೆಯ ಸಾಕ್ಷಿ

ಸಾಗರದಲ್ಲಿ ನಮ್ಮ ಮನೆಗೆ ಹೆಸರಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳಿದರೂ ‘ಬ್ಯಾಟರಿ ಮನೆಯಾ?’ ಎಂದು ಕೈ ತೋರಿಸುತ್ತಿದ್ದರು. ಬೀದಿಗೆ ಮುಖ ಮಾಡಿದ ಕೋಣೆ ಅಪ್ಪನ ಅಂಗಡಿ, ಹಿಂದಿನದು ಅಡುಗೆಮನೆ. ಬೇರೆಯವರ ಮನೆಯಲ್ಲಿ ನಡುಮನೆ ಇರುವ ಜಾಗದಲ್ಲಿ ನಮ್ಮಲ್ಲಿ ಚಾರ್ಜಿಂಗ್ ಕೋಣೆ. ಗೋಡೆಯುದ್ದಕ್ಕೂ ಮರದ ಹಲಗೆ, ಅದರ ಮೇಲೆ ಲಾರಿಯವು, ಜೀಪಿನವು, ಟ್ರ್ಯಾಕ್ಟರಿನವು ಎಂದು ಹತ್ತು ಹನ್ನೆರಡು ಬ್ಯಾಟರಿಗಳು ಮುಚ್ಚಳ ತೆಗೆದುಕೊಂಡು ಸಾಲಾಗಿ ಕೂತಿರುತ್ತಿದ್ದವು. ಚಾರ್ಜಿಗೆ ಹಾಕಿದಾಗ ಒಳಗಿನ ಆಸಿಡ್ ಸಣ್ಣಗೆ ಗುಳುಗುಳು ಎನ್ನುತ್ತಿತ್ತು. ಊಟಕ್ಕೆ ಹೋಗಬೇಕಾದರೂ, ದೇವರಿಗೆ ಕೈಮುಗಿಯಬೇಕಾದರೂ ಆ ಕೋಣೆಯನ್ನು ದಾಟಿಯೇ ಹೋಗಬೇಕು. ಅಮ್ಮನ ಸೀರೆಗಳಿಗೆಲ್ಲ ಮೊಣಕಾಲಿನ ಕೆಳಗೆ ಸಾಸಿವೆ ಗಾತ್ರದ ತೂತುಗಳಿದ್ದವು. ದೇವರ ಮುಂದಿನ ಹಿತ್ತಾಳೆ ದೀಪವನ್ನು ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ವಾರದೊಳಗೆ ಕಪ್ಪಾಗುತ್ತಿತ್ತು. ಬಾಗಿಲ ಪಕ್ಕ ಯಾವಾಗಲೂ ಆಸಿಡ್ ಮುರಿಯಲು ಅಡುಗೆ ಸೋಡಾ ಕದಡಿದ ಒಂದು ಬಕೆಟ್ ನೀರು. ಅಪ್ಪ, ಚಿಕ್ಕಪ್ಪ ಇಬ್ಬರೂ ಊಟಕ್ಕೆ ಮೊದಲು ಮೊಣಕೈವರೆಗೆ ಅದರಲ್ಲಿ ಅದ್ದಿ, ಆಮೇಲೆ ಸೋಪು ಹಚ್ಚಿ, ಆಮೇಲೆ ಎಲೆಯ ಮುಂದೆ ಕೂರಬೇಕು. ಇದು ಅಮ್ಮನ ಕಾನೂನು. ಆದರೂ ಸಾರಿನ ಮೊದಲ ತುತ್ತಿಗೆ ಆಸಿಡ್‌ನ ಹುಳಿ ಮೂಗಿಗೆ ಹೊಡೆಯದ ದಿನವನ್ನು ನಾನು ಕಂಡಿಲ್ಲ.

ಅಪ್ಪನನ್ನು ಊರವರು ಡೈನಮೋ ರಾಜಣ್ಣ ಎನ್ನುತ್ತಿದ್ದರು. ಆ ಕಾಲದ ಗಾಡಿಗಳಲ್ಲಿ ಬ್ಯಾಟರಿಗೆ ಕರೆಂಟು ತುಂಬುತ್ತಿದ್ದುದು ಡೈನಮೋ. ಅದರ ಸದ್ದು ಕೇಳಿಯೇ ಅಪ್ಪ ಒಳಗೆ ಏನು ಸವೆದಿದೆ ಎಂದು ಹೇಳಬಲ್ಲವನಾಗಿದ್ದ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಯಾರಾದರೂ ಬಂದರೆ ಅವನು ಆತುರಪಡುತ್ತಿರಲಿಲ್ಲ. ಮೊದಲು ಬಾನೆಟ್ ಎತ್ತಿ ಸುಮ್ಮನೆ ನೋಡುವುದು. ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಪುಡಿ ಕಟ್ಟಿದೆಯೇ, ಕೇಬಲ್ ಅಲುಗಾಡುತ್ತದೆಯೇ. ಆಮೇಲೆ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಅದು ಎಷ್ಟು ಬಗ್ಗುತ್ತದೆ ಎಂದು ನೋಡುವುದು. ಹೆಡ್‌ಲೈಟ್ ಹಾಕಿಸಿ ಸ್ಟಾರ್ಟರ್ ಎಳೆಸಿದಾಗ ಬೆಳಕು ಪೂರ್ತಿ ಸತ್ತರೆ ಒಂದು ಕಥೆ, ಹಾಗೇ ಇದ್ದರೆ ಇನ್ನೊಂದು ಕಥೆ. ಕೊನೆಗೆ ಹೈಡ್ರೋಮೀಟರು. ರಬ್ಬರ್ ಬುಡ್ಡಿಯ ಗಾಜಿನ ಕೊಳವೆಯಲ್ಲಿ ಒಂದೊಂದು ಸೆಲ್ಲಿನ ಆಸಿಡನ್ನು ಹೀರಿ ಎತ್ತಿದರೆ ಒಳಗಿನ ತೇಲು ಎಷ್ಟು ಮೇಲೇಳುತ್ತದೆಯೋ ಅಷ್ಟು ಜೀವ ಆ ಸೆಲ್ಲಿನಲ್ಲಿದೆ ಎಂದರ್ಥ. ಅಪ್ಪ ಓದುವ ಕೆಲಸವನ್ನು ನನಗೆ ಬಿಡುತ್ತಿದ್ದ. ನನಗಾಗ ಹನ್ನೆರಡು ವರ್ಷ. ಶಾಲೆಯಲ್ಲಿ ಸಿಕ್ಕ ಯಾವ ಅಂಕವೂ ಕೊಡದ ಗತ್ತನ್ನು ಆ ಗಾಜಿನ ಕೊಳವೆ ನನಗೆ ಕೊಟ್ಟಿತ್ತು.

‘ಬ್ಯಾಟ್ರಿ ಹೋಗಿದೆ ಅಂತ ಮೊದಲೇ ಹೇಳ್ಬೇಡ ಸುಧಿ,’ ಎನ್ನುತ್ತಿದ್ದ ಅಪ್ಪ. ‘ಅದಕ್ಕೆ ಬಾಯಿಲ್ಲ. ಉಳಿದದ್ದೆಲ್ಲ ನೋಡಿ ಆದ್ಮೇಲೆ ಅದರ ಮೇಲೆ ಹೇಳು.’

ಅಪ್ಪನ ತಮ್ಮ ಗಣಪ ಚಿಕ್ಕಪ್ಪ ನಮ್ಮ ಜೊತೆಗೇ ಇದ್ದ. ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು, ಮದುವೆ ಆಗಿರಲಿಲ್ಲ. ಕೆಲಸ ಮಾಡುತ್ತ ಸಿಳ್ಳೆ ಹಾಕುವ, ಅಮ್ಮನ ಕೈಯಿಂದ ಕಾಯಿ ತುರಿಯುವ ಮಣೆ ಕಿತ್ತುಕೊಂಡು ತಾನೇ ತುರಿದು ಕೊಡುವ, ಆಯುಧಪೂಜೆಗೆ ಚಾರ್ಜರಿನಿಂದ ಹಿಡಿದು ಹೈಡ್ರೋಮೀಟರಿನವರೆಗೆ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ, ಕೊನೆಗೆ ನನ್ನ ಹಣೆಗೂ ಒಂದು ಅಡ್ಡ ಬೊಟ್ಟು ಎಳೆಯುವ ಮನುಷ್ಯ. ಆದರೆ ಮರೆವು ಜಾಸ್ತಿ. ಒಮ್ಮೆ ಚಾರ್ಜಿಗೆ ಹಾಕಿದ್ದನ್ನು ಮರೆತು ಸಿನಿಮಾಕ್ಕೆ ಹೋಗಿ, ಆಸಿಡ್ ಉಕ್ಕಿ ಸಿಮೆಂಟಿನ ನೆಲವೇ ತಿಂದುಹೋಗಿತ್ತು. ಇನ್ನೊಮ್ಮೆ ಡಿಸ್ಟಿಲ್ಡ್ ವಾಟರ್ ಮುಗಿದಿತ್ತೆಂದು ಬಾವಿ ನೀರನ್ನೇ ಬ್ಯಾಟರಿಗೆ ಹಾಕಿದ್ದ. ಬಾವಿ ನೀರಿನಲ್ಲಿರುವ ಉಪ್ಪು ಒಳಗಿನ ಪ್ಲೇಟುಗಳನ್ನು ಕೆಡಿಸುತ್ತದೆ. ಅವತ್ತು ಅಪ್ಪ ಕೊಡಪಾನವನ್ನು ಎತ್ತಿ ಬೀದಿಗೆ ಎಸೆದಿದ್ದ. ಚಿಕ್ಕಪ್ಪ ಅದನ್ನು ಹೆಕ್ಕಿ ತಂದು, ತಗ್ಗಾದ ಜಾಗವನ್ನು ಒಳಗಿನಿಂದ ಬಡಿದು ಸರಿಮಾಡಿ, ಇನ್ನು ಮೇಲೆ ಹಾಗೆ ಮಾಡುವುದಿಲ್ಲ ಎಂದು ಅಣ್ಣನಿಗೆ ಮಾತು ಕೊಟ್ಟ. ಮಾತು ಉಳಿಸಿಕೊಂಡಿದ್ದ ಕೂಡ.

ಹೊಸನಗರದ ಸರೋಜಮ್ಮ ಡಾಕ್ಟ್ರು ತಮ್ಮ ಹಳೆಯ ಕಾರನ್ನು ನಮ್ಮಲ್ಲಿಗೇ ತರುತ್ತಿದ್ದರು. ಗಿಡ್ಡ ಹೆಂಗಸು, ಸೀಟಿನ ಮೇಲೆ ದಿಂಬು ಹಾಕಿಕೊಂಡು ತಾವೇ ಓಡಿಸುತ್ತಿದ್ದರು. ಹಳ್ಳಿಗಳಿಗೆ ಹೆರಿಗೆಗೆ ಹೋಗುವವರು. ದಾರಿಯಲ್ಲಿ ಗಾಡಿ ಕೈಕೊಡಬಾರದು ಎಂದು ಶಿವಮೊಗ್ಗದಲ್ಲಿ ಹಳೆಯ ಡೈನಮೋ ತೆಗೆಸಿ, ಆಗ ಹೊಸದಾಗಿ ಬರುತ್ತಿದ್ದ ಆಲ್ಟರ್ನೇಟರ್ ಹಾಕಿಸಿದ್ದರು. ಅಪ್ಪನಿಗೆ ಅದು ಹಿಡಿಸಲಿಲ್ಲ. ಚಿಕ್ಕಪ್ಪ ಮಾತ್ರ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಹದಿನೈದು ದಿನ ಇದ್ದು ಅದರ ಕೆಲಸ ಕಲಿತು ಬಂದಿದ್ದ. ಆ ಬೇಸಿಗೆಯಲ್ಲಿ ಡಾಕ್ಟ್ರ ಕಾರು ಬೆಳಿಗ್ಗೆ ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಲ್ಲತೊಡಗಿತು. ಮೊದಲ ಸಲ ಅಪ್ಪ ಟರ್ಮಿನಲ್ ಉಜ್ಜಿ, ಚಾರ್ಜ್ ಮಾಡಿ ಕೊಟ್ಟ. ಎರಡನೇ ಸಲ ಬ್ಯಾಟರಿಗೆ ವಯಸ್ಸಾಗಿದೆ ಎಂದು ಹೊಸದು ಹಾಕಿಸಿದ. ಹೊಸದಕ್ಕೆ ಆಸಿಡ್ ತುಂಬಿ ಚಾರ್ಜ್ ಮಾಡಿ ಕೂರಿಸಿದವನು ಚಿಕ್ಕಪ್ಪ. ಆ ಮಧ್ಯಾಹ್ನ ನಾನು ಚಾರ್ಜಿಂಗ್ ಕೋಣೆಯ ಹೊಸಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಅವನು ಅಡುಗೆಮನೆಯಿಂದ ಒಂದು ಚೊಂಬು ನೀರು ತಂದು ನಿಂತೇ ಕುಡಿದ, ಖಾಲಿ ಚೊಂಬನ್ನು ಬ್ಯಾಟರಿಯ ಪಕ್ಕ ಇಟ್ಟು ಕೆಲಸ ಮುಂದುವರಿಸಿದ. ನಾನು ನೋಡಿದ್ದು ಇಷ್ಟೆ.

ಐದನೇ ದಿನ ಡಾಕ್ಟ್ರ ಕಾರನ್ನು ಒಂದು ಜೀಪು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಅದರ ಹಿಂದಿನ ದಿನವೇ ನನಗೊಂದು ಅವಮಾನವಾಗಿತ್ತು, ಅದನ್ನೂ ಹೇಳಬೇಕು. ಲಾರಿಯವರು ಮೂರ್ನಾಲ್ಕು ಜನ ನಿಂತಿದ್ದಾಗ ನಾನು ಹೈಡ್ರೋಮೀಟರನ್ನು ತಪ್ಪಾಗಿ ಓದಿ, ತುಂಬಿದ ಸೆಲ್ಲನ್ನು ಖಾಲಿ ಎಂದುಬಿಟ್ಟಿದ್ದೆ. ಚಿಕ್ಕಪ್ಪ ನಗುತ್ತ, ‘ನಮ್ಮ ಸುಧಕ್ಕನ ಕೈಗೆ ಕೊಟ್ರೆ ಹೊಸ ಬ್ಯಾಟ್ರಿನೂ ಗುಜರಿಗೆ ಹೋಗ್ತದೆ’ ಅಂದಿದ್ದ. ಎಲ್ಲರೂ ನಕ್ಕರು. ಅವನು ಮರುಗಳಿಗೆ ಅದನ್ನು ಮರೆತ. ನಾನು ಮರೆತಿರಲಿಲ್ಲ.

ಡಾಕ್ಟ್ರು ಅಂಗಡಿಯ ಬೆಂಚಿನ ಮೇಲೆ ಕೂತು, ಧ್ವನಿ ಏರಿಸದೆ ಹೇಳಿದರು.

‘ರಾಜಣ್ಣ, ನಿನ್ನೆ ಬೆಳಿಗ್ಗೆ ಒಂದು ಹೆರಿಗೆಗೆ ಕರೆ ಬಂತು. ಗಾಡಿ ಮಿಸುಕಲಿಲ್ಲ. ಹಾಲಿನ ವ್ಯಾನು ಹತ್ತಿ, ಅಲ್ಲಿಂದ ನಡ್ಕೊಂಡು ಹೋಗೋ ಹೊತ್ತಿಗೆ ಮಗು ಹುಟ್ಟಿ ಆಗಿತ್ತು. ತಾಯಿಗೆ ರಕ್ತ ಹೋಗ್ತಾ ಇತ್ತು. ಉಳಿದ್ಲು. ಇನ್ನು ಅರ್ಧ ಗಂಟೆ ತಡವಾಗಿದ್ರೆ ಉಳೀತಿರ್ಲಿಲ್ಲ.’

ಅಪ್ಪನ ಮುಖ ಬಿಳಿಚಿಕೊಂಡಿತು. ಅವನು ಟರ್ಮಿನಲ್ ನೋಡಲಿಲ್ಲ, ಬೆಲ್ಟ್ ಒತ್ತಲಿಲ್ಲ, ನೇರವಾಗಿ ಹೈಡ್ರೋಮೀಟರ್ ತೆಗೆದುಕೊಂಡ. ಎಲ್ಲ ಸೆಲ್ಲುಗಳೂ ಇಳಿದಿದ್ದವು, ಒಂದು ಇನ್ನೂ ಕೆಳಗಿತ್ತು. ಹೊಸ ಬ್ಯಾಟರಿ ಐದು ದಿನದಲ್ಲಿ ಹೀಗಾಗಬೇಕಾದರೆ ತುಂಬಿದವನೇ ಏನೋ ಮಾಡಿದ್ದಾನೆ ಎಂದು ಅವನು ಆಗಲೇ ತೀರ್ಮಾನಿಸಿದ್ದ.

‘ಗಣಪ, ಇದಕ್ಕೆ ಯಾವ ನೀರು ಹಾಕ್ದೆ?’

‘ನೀರು ಎಂತಕ್ಕೆ ಹಾಕ್ಲಿ ಅಣ್ಣ? ಹೊಸದಕ್ಕೆ ಬರೀ ಆಸಿಡ್ ತುಂಬಿದ್ದು. ಬ್ಯಾಟ್ರಿ ಸರಿ ಇದೆ. ಗಾಡಿ ನಿಂತಲ್ಲೇ ಎಂತದೋ ಕರೆಂಟ್ ತಿಂತಾ ಇದೆ. ಆಲ್ಟರ್ನೇಟರ್ ಒಳಗೆ ಡಯೋಡ್ ಅಂತ ಇರ್ತದೆ, ಕರೆಂಟನ್ನ ಒಂದೇ ಕಡೆಗೆ ಬಿಡೋದು. ಅದು ಹೋದ್ರೆ ಬ್ಯಾಟ್ರಿಯಿಂದ ವಾಪಸ್ ಹರೀತದೆ. ನೆಗೆಟಿವ್ ಕೇಬಲ್ ಬಿಚ್ಚಿ ಮಧ್ಯೆ ಒಂದು ಬಲ್ಬ್ ಹಾಕಿ ನೋಡು, ಗೊತ್ತಾಗ್ತದೆ.’

‘ನಂಗೆ ಪಾಠ ಹೇಳ್ಬೇಡ. ನೀರು ಹಾಕ್ದ್ಯೋ ಇಲ್ವೋ ಅದನ್ನ ಹೇಳು.’

‘ಹಾಕಿಲ್ಲ.’

ಆಗ ಅಪ್ಪ ನನ್ನ ಕಡೆ ತಿರುಗಿದ. ಡಾಕ್ಟ್ರೂ ತಿರುಗಿದರು. ಬಾಗಿಲಲ್ಲಿ ಜೀಪಿನವನೂ ನಿಂತಿದ್ದ.

‘ಸುಧಿ, ನೀನು ಇಲ್ಲೇ ಕೂತು ಓದ್ತಾ ಇದ್ದೆಯಲ್ಲ. ಬ್ಯಾಟ್ರಿ ಪಕ್ಕ ಚೊಂಬು ಇತ್ತು, ನಾನೇ ಕಂಡಿದ್ದೆ. ಇವ್ನು ಅದ್ರಲ್ಲಿ ನೀರು ತಂದಿದ್ನಾ?’

‘ತಂದಿದ್ದ.’

‘ಬ್ಯಾಟ್ರಿಗೆ ಹಾಕಿದ್ದು ನೋಡ್ದ್ಯಾ?’

‘ನೋಡ್ದೆ.’

ಯೋಚನೆ ಮಾಡಿ ಹೇಳಿದ ಮಾತಲ್ಲ ಅದು. ಅಷ್ಟು ಜನ ದೊಡ್ಡವರು ನನ್ನ ಬಾಯನ್ನೇ ನೋಡುತ್ತಿದ್ದರು, ಅವರಿಗೆ ಬೇಕಾದ ಉತ್ತರ ನನ್ನ ಹತ್ತಿರ ಇತ್ತು. ಹಿಂದಿನ ದಿನದ ನಗೆಯೂ ಒಳಗೆ ಎಲ್ಲೋ ಚುಚ್ಚುತ್ತಿತ್ತು. ಚಿಕ್ಕಪ್ಪ ನನ್ನನ್ನು ನೋಡಿದ. ಕೋಪದಿಂದಲ್ಲ, ನಾನು ಏನೆಂದೆ ಎಂದು ಅರ್ಥವಾಗದವನ ಹಾಗೆ ನೋಡಿದ. ಆಮೇಲೆ ಅಪ್ಪ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅಜ್ಜ ಅಜ್ಜಿ ಸತ್ತ ಮೇಲೆ ತಮ್ಮನನ್ನು ಸಾಕಿ ಬೆಳೆಸಿದ್ದು ತಾನು ಎಂಬುದೂ, ಒಬ್ಬ ಬಾಣಂತಿಯ ಜೀವ ಇವನ ಕೈಯಲ್ಲಿ ಹೋಗುತ್ತಿತ್ತು ಎಂಬುದೂ ಅದರಲ್ಲಿತ್ತು. ಚಿಕ್ಕಪ್ಪ ಒಳಗೆ ಹೋಗಿ ತನ್ನ ಎರಡು ಪ್ಯಾಂಟು, ಮೂರು ಅಂಗಿಯನ್ನು ಚೀಲಕ್ಕೆ ಹಾಕಿಕೊಂಡ. ಅಮ್ಮ ಆಗತಾನೆ ಎಲೆ ಹಾಕಿ ಅನ್ನ ಬಡಿಸಿದ್ದಳು. ಅವನು ಎಲೆಯ ಮುಂದೆ ಬಗ್ಗಿ, ಕೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ‘ಅತ್ತಿಗೆ, ಬೇಜಾರು ಮಾಡ್ಕಬೇಡಿ’ ಎಂದು ಹೇಳಿ ತೀರ್ಥಹಳ್ಳಿಯ ಬಸ್ಸು ಹತ್ತಿದ. ಅಲ್ಲಿ ಅವನಿಗೊಬ್ಬ ಪರಿಚಯದ ಮೆಕ್ಯಾನಿಕ್ ಇದ್ದ.

ಆ ದಿನ ಅಮ್ಮ ಅಪ್ಪನಿಗೆ ಬಡಿಸುತ್ತ ಒಂದೇ ಮಾತು ಅಂದಳು.

‘ಗಾಡಿ ಬಂದ್ರೆ ಒಂದೊಂದು ತಂತಿ ಹಿಡ್ದು ನೋಡ್ತೀರಿ. ತಮ್ಮನ್ನ ಒಂದು ಮಾತು ಸಮಾಧಾನದಲ್ಲಿ ಕೇಳೋಕೆ ಆಗ್ಲಿಲ್ವಾ?’

ಡಾಕ್ಟ್ರ ಕಾರು ನಮ್ಮ ಬಾಗಿಲಲ್ಲೇ ನಿಂತಿತ್ತು. ಅಪ್ಪ ಬ್ಯಾಟರಿಯನ್ನು ಮತ್ತೆ ಪೂರ್ತಿ ಚಾರ್ಜ್ ಮಾಡಿ ಕೂರಿಸಿದ. ಎರಡು ದಿನಕ್ಕೆ ಅದು ಮತ್ತೆ ಇಳಿಯಿತು, ಗಾಡಿ ಒಂದಡಿಯೂ ಓಡಿರಲಿಲ್ಲ. ಭಾನುವಾರ ಅಂಗಡಿ ರಜೆ. ಬೆಳಿಗ್ಗೆ ತಿಂಡಿ ತಿಂದವನೇ ಅಪ್ಪ ನನ್ನನ್ನು ಕರೆದ. ಬೇರೆ ಬ್ಯಾಟರಿ ಕೂರಿಸಿ, ಗಾಡಿಯ ಎಲ್ಲ ದೀಪ ಆರಿಸಿ, ಬಾಗಿಲು ಮುಚ್ಚಿ, ನೆಗೆಟಿವ್ ಕೇಬಲನ್ನು ಬಿಚ್ಚಿ, ಕೇಬಲಿಗೂ ಟರ್ಮಿನಲ್ಲಿಗೂ ನಡುವೆ ಎರಡು ತಂತಿಯ ಒಂದು ಸಣ್ಣ ಬಲ್ಬನ್ನು ಹಿಡಿಯಲು ಹೇಳಿದ. ಹಿಡಿದೆ. ಏನೂ ಉರಿಯಬಾರದಿದ್ದ ಗಾಡಿಯಲ್ಲಿ ಬಲ್ಬು ಉರಿಯಿತು. ಅಪ್ಪ ಒಂದೊಂದೇ ಫ್ಯೂಸ್ ತೆಗೆದ. ಹಾರ್ನಿನದು, ದೀಪದ್ದು, ವೈಪರಿನದು. ಬಲ್ಬು ಉರಿಯುತ್ತಲೇ ಇತ್ತು. ಕೊನೆಗೆ ಸ್ಪ್ಯಾನರ್ ತೆಗೆದುಕೊಂಡು ಆಲ್ಟರ್ನೇಟರಿನ ದಪ್ಪ ತಂತಿಯನ್ನು ಬಿಚ್ಚಿದ. ಬಲ್ಬು ಆರಿತು. ಮತ್ತೆ ತಾಗಿಸಿದ, ಉರಿಯಿತು. ಬಿಡಿಸಿದ, ಆರಿತು. ಹಾಗೆ ನಾಲ್ಕೈದು ಸಲ ಮಾಡಿದ.

ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಹಳ ಹೊತ್ತು ಬೀದಿ ನೋಡಿದ. ಕೆಳದಿ ಕಡೆಗೆ ಹೋಗುವ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಅಪ್ಪ ನನ್ನನ್ನು ಹತ್ತಿರ ಕರೆದು, ಬೈಯುವ ಧ್ವನಿಯಲ್ಲಿ ಅಲ್ಲ, ನಾನು ಅವನಿಗಿಂತ ದೊಡ್ಡವಳೇನೋ ಎಂಬಂತೆ ಕೇಳಿದ.

‘ಸುಧಿ, ಹೆದರ್ಬೇಡ. ನಿಜ ಹೇಳು. ಅವತ್ತು ಅವ್ನು ನೀರು ಹಾಕಿದ್ದು ನೀನು ನೋಡಿದ್ದು ಹೌದಾ?’

ಮೊದಲ ಸಲದ ಸುಳ್ಳಿಗೆ ನಾನು ಏನಾದರೊಂದು ಕಾರಣ ಕೊಟ್ಟುಕೊಳ್ಳಬಲ್ಲೆ. ಈ ಎರಡನೆಯದಕ್ಕೆ ಇಷ್ಟು ವರ್ಷ ಹುಡುಕಿಯೂ ಸಿಕ್ಕಿಲ್ಲ. ಅಪ್ಪ ನನಗೆ ದಾರಿ ಬಿಟ್ಟು ಕೂತಿದ್ದ. ‘ಇಲ್ಲ’ ಎಂದಿದ್ದರೆ ಮಧ್ಯಾಹ್ನದ ಬಸ್ಸಿಗೇ ಅವನು ತೀರ್ಥಹಳ್ಳಿಗೆ ಹೋಗುತ್ತಿದ್ದ, ಅದು ಅವನ ಕಣ್ಣಲ್ಲೇ ಕಾಣುತ್ತಿತ್ತು. ಆದರೆ ಚಿಕ್ಕಪ್ಪನನ್ನು ನೋಡಿದ ಹಾಗೆ ಅಪ್ಪ ನನ್ನನ್ನು ನೋಡಿದರೆ ಎಂದು ಹೆದರಿದೆ.

‘ನೋಡ್ದೆ ಅಪ್ಪ,’ ಅಂದೆ.

ಡಾಕ್ಟ್ರ ಆಲ್ಟರ್ನೇಟರನ್ನು ಅಪ್ಪ ಬಿಚ್ಚಿ ಶಿವಮೊಗ್ಗಕ್ಕೆ ಒಯ್ದು ರಿಪೇರಿ ಮಾಡಿಸಿ ತಂದ. ‘ತಪ್ಪು ನಂದೇ ಡಾಕ್ಟ್ರೇ’ ಎಂದು ಕೈಮುಗಿದದ್ದನ್ನು ನಾನೇ ಕಂಡಿದ್ದೇನೆ. ಇನ್ನಾದರೂ ಗಣಪನನ್ನು ಕರೆತನ್ನಿ ಎಂದು ಅಮ್ಮ ತಿಂಗಳುಗಟ್ಟಲೆ ಹೇಳಿದಳು. ಅಪ್ಪನದು ಒಂದೇ ಉತ್ತರ.

‘ಕರೆಂಟಿನ ವಿಷಯ ಅವ್ನು ಹೇಳಿದ್ದು ಸರಿ, ನಾ ಒಪ್ತೀನಿ. ಆದ್ರೆ ನೀರು ಹಾಕಿ, ಹಾಕಿಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳಿದ್ನಲ್ಲ. ಮಗು ಸುಳ್ಳು ಹೇಳ್ತದಾ?’

ಹೀಗೆ ನಾನು ಅಪ್ಪನ ಪಾಲಿಗೆ ಸುಳ್ಳು ಹೇಳದ ಮಗುವಾಗಿ ಬೆಳೆದೆ. ಚಿಕ್ಕಪ್ಪ ತೀರ್ಥಹಳ್ಳಿಯಲ್ಲೇ ಮದುವೆಯಾದ, ಅಂಗಡಿ ಹಾಕಿದ, ಒಬ್ಬ ಮಗಳಾದಳು. ನನ್ನ ಮದುವೆಗೆ ಬಂದ. ಊಟದ ಪಂಕ್ತಿಯಲ್ಲಿ ಸೌಟು ಹಿಡಿದು ಸಾರು ಬಡಿಸಿದ. ಅಣ್ಣನ ಎಲೆಯ ಮುಂದೆ ಬಂದಾಗ ‘ಹಾಕ್ಲಾ?’ ಎಂದ, ಅಪ್ಪ ‘ಸಾಕು’ ಎಂದ. ಅಪ್ಪ ಸಾಯುವವರೆಗಿನ ಇಪ್ಪತ್ತೈದು ವರ್ಷದಲ್ಲಿ ನನ್ನ ಕಿವಿಗೆ ಬಿದ್ದ ಅವರಿಬ್ಬರ ಮಾತು ಅಷ್ಟೆ. ಅಮ್ಮ ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಭರಣಿಯನ್ನು ಯಾರ ಕೈಯಲ್ಲಾದರೂ ತೀರ್ಥಹಳ್ಳಿಗೆ ಕಳಿಸುತ್ತಿದ್ದಳು, ಅಪ್ಪ ಅದನ್ನು ಕಂಡೂ ಕಾಣದವನಂತೆ ಇರುತ್ತಿದ್ದ. ನಾನು ಹೊಸನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಮೂವತ್ತು ವರ್ಷ ಪಾಠ ಮಾಡಿದೆ. ಪೆನ್ನು ಕಳೆದರೂ, ಗಾಜು ಒಡೆದರೂ, ‘ಯಾರು ಮಾಡಿದ್ದು, ನೀನು ನೋಡಿದ್ಯಾ?’ ಎಂದು ಒಂದು ಮಗುವನ್ನು ನಿಲ್ಲಿಸಿ ಇನ್ನೊಂದರ ಮೇಲೆ ಕೇಳಲಿಲ್ಲ. ಸುಧಾ ಮೇಡಂ ತುಂಬ ಸಡಿಲ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು.

ಅಪ್ಪ ಮೂರು ವಾರ ಹಾಸಿಗೆ ಹಿಡಿದು ಹೋದ. ಆ ಮೂರು ವಾರ ಅವನಿಗೆ ಗಂಜಿ ಕುಡಿಸುತ್ತಿದ್ದವಳು ನಾನೇ. ಪ್ರತಿ ಚಮಚದ ನಡುವೆಯೂ ಹೇಳಬಹುದಿತ್ತು. ಇವತ್ತು ಬೇಡ, ತುಂಬ ಸುಸ್ತಾಗಿದ್ದಾನೆ ಎಂದುಕೊಂಡೆ. ಇವತ್ತು ಬೇಡ, ಸ್ವಲ್ಪ ಗೆಲುವಾಗಿದ್ದಾನೆ ಎಂದೂ ಅಂದುಕೊಂಡೆ. ಚಿಕ್ಕಪ್ಪ ಬಂದಾಗ ಅಪ್ಪನನ್ನು ಕೆಳಗೆ ಮಲಗಿಸಿ ಆಗಿತ್ತು.

ನಿವೃತ್ತಿಯಾದ ಮೇಲೆ ಸಾಗರಕ್ಕೇ ಬಂದಿದ್ದೇನೆ. ಕಳೆದ ಬೇಸಿಗೆಯಲ್ಲಿ ನನ್ನ ಕಾರೂ ಬೆಳಿಗ್ಗೆ ಸ್ಟಾರ್ಟ್ ಆಗದೆ ನಿಂತಿತು. ಹದಿನಾಲ್ಕು ವರ್ಷದ ಗಾಡಿ. ಗ್ಯಾರೇಜಿನವರು ನೋಡಿದ ಕೂಡಲೇ ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ನಾಲ್ಕನೇ ದಿನ ಕೀಲಿ ತಿರುಗಿಸಿದರೆ ಕಟಕಟ ಎಂಬ ಸದ್ದು ಮಾತ್ರ. ಗಾಡಿ ಓಡುವಾಗ ಚಾರ್ಜ್ ಸರಿಯಾಗಿಯೇ ಆಗುತ್ತಿತ್ತು, ನಿಂತಾಗ ಇಳಿಯುತ್ತಿತ್ತು. ಈಗಿನ ಗಾಡಿಗಳಲ್ಲಿ ಗಡಿಯಾರಕ್ಕೆ, ಲಾಕಿಗೆ ಚೂರು ಕರೆಂಟು ಹೋಗುತ್ತಲೇ ಇರುವುದರಿಂದ ಬಲ್ಬನ್ನು ನಂಬುವಂತಿಲ್ಲ, ಮೀಟರಿನಲ್ಲಿ ಅಳೆಯಬೇಕು. ಬ್ಯಾಟರಿ ಚಾರ್ಜ್ ಮಾಡಿಸಿ ತಂದು, ಅಂಗಳದಲ್ಲಿ ಕೂತು ಅಳೆದೆ. ಹೋಗಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೋಗುತ್ತಿತ್ತು. ಫ್ಯೂಸ್ ತೆಗೆದರೆ ಇಳಿಯಲಿಲ್ಲ. ಆಲ್ಟರ್ನೇಟರಿನ ತಂತಿ ಬಿಚ್ಚಿದೆ, ಮುಳ್ಳು ಕೆಳಗೆ ಬಿತ್ತು. ಮಾರನೆಯ ಬೆಳಿಗ್ಗೆ ತಂತಿ, ಕೇಬಲ್ ಎರಡನ್ನೂ ಮತ್ತೆ ಸಿಕ್ಕಿಸಿ ಹೊಸನಗರ ದಾಟಿ ತೀರ್ಥಹಳ್ಳಿಗೆ ಹೊರಟೆ. ಸಾಗರದಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದರು. ನನಗೆ ಬೇಕಾಗಿದ್ದು ರಿಪೇರಿ ಒಂದೇ ಅಲ್ಲ.

ಚಿಕ್ಕಪ್ಪನಿಗೆ ಈಗ ಎಂಬತ್ತರ ಹತ್ತಿರ. ಅಂಗಡಿಯನ್ನು ಮಗಳು ವಿನುತ ನೋಡಿಕೊಳ್ಳುತ್ತಾಳೆ. ಅವಳು ಆಲ್ಟರ್ನೇಟರ್ ಬಿಚ್ಚಿ ಒಳಗೆ ಒಯ್ದಳು. ಚಿಕ್ಕಪ್ಪ ಅಂಗಡಿಗೆ ಅಂಟಿದ ತನ್ನ ಮನೆಯ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಮಕ್ಕಳ ವಿಷಯ, ಮಂಡಿನೋವಿನ ವಿಷಯ ಮಾತಾಡಿದೆವು. ಕಾಫಿ ಕುಡಿದು ಲೋಟ ಕೆಳಗಿಟ್ಟು ಹೇಳಿದೆ.

‘ಚಿಕ್ಕಪ್ಪ, ಅವತ್ತು ನೀನು ನೀರು ಕುಡ್ದಿದ್ದನ್ನ ನೋಡಿದ್ದೆ. ಬ್ಯಾಟ್ರಿಗೆ ಹಾಕಿದ್ದು ನೋಡಿರ್ಲಿಲ್ಲ. ನೀನು ಹಾಕಿರ್ಲೇ ಇಲ್ಲ. ನಾ ಸುಳ್ಳು ಹೇಳ್ದೆ.’

ಅವನು ಯಾವ ದಿನ ಎಂದು ಕೇಳಲಿಲ್ಲ. ಕೇಳಿದ್ದು ಬೇರೆ.

‘ಇದನ್ನ ಅಣ್ಣಂಗೆ ಹೇಳಿದ್ಯಾ?’

‘ಇಲ್ಲ.’

‘ನಂಗೆ ಹೇಳಿ ಎಂತ ಮಾಡ್ತೀಯ ಸುಧಿ. ನಾ ಹಾಕಿಲ್ಲ ಅಂತ ನಂಗೆ ಗೊತ್ತೇ ಇತ್ತಲ್ಲ. ಗೊತ್ತಾಗ್ಬೇಕಾಗಿದ್ದು ಅವನಿಗೆ.’

ಉಳಿದದ್ದನ್ನೂ ಹೇಳಿದೆ. ಆ ಭಾನುವಾರ ಅಪ್ಪ ಬಲ್ಬ್ ಹಾಕಿ ನೋಡಿದ್ದು, ತಂತಿ ಬಿಚ್ಚಿದ್ದು, ನನ್ನನ್ನು ಎರಡನೇ ಸಲ ಕೇಳಿದ್ದು. ಚಿಕ್ಕಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಅವನಿಗೆ ಇದು ಗೊತ್ತೇ ಇರಲಿಲ್ಲ ಎಂದು ನನಗೆ ಹೊಳೆದದ್ದು ಆಗ. ಇಷ್ಟು ವರ್ಷವೂ, ಅಣ್ಣ ತನ್ನ ಮಾತನ್ನು ಒಂದು ಸಲ ಪರೀಕ್ಷೆ ಮಾಡಿ ಕೂಡ ನೋಡಲಿಲ್ಲ ಎಂದೇ ಅವನು ತಿಳಿದಿದ್ದ.

‘ನೋಡಿದ್ನಾ ಅಣ್ಣ?’

‘ನೋಡ್ದ. ನೀನು ಹೇಳಿದ ಹಾಗೇ ಇತ್ತು.’

‘ಮತ್ತೆ ಕರೀಲಿಲ್ವಲ್ಲ.’

‘ಬಸ್ಸು ಹತ್ತೋದೊಂದೇ ಬಾಕಿ ಇತ್ತು ಚಿಕ್ಕಪ್ಪ. ನಾ ಮತ್ತೆ ಹಾಗೇ ಹೇಳಿದ್ದಕ್ಕೆ ನಿಂತ.’

ನಾನು ಅವನ ಕಾಲು ಮುಟ್ಟಲು ಬಗ್ಗಿದೆ, ಅವನು ಪಾದವನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ವಿನುತ ಬಂದು ಗಾಡಿ ಸರಿಯಾಯಿತು ಎಂದಳು. ಊಟ ಮಾಡಿಕೊಂಡು ಹೋಗು ಎಂದಳು. ಚಿಕ್ಕಪ್ಪ ಅವಳ ಕಡೆ ನೋಡದೆ, ‘ಅವ್ಳು ಹೋಗ್ಲಿ’ ಎಂದ. ಒರಟಾಗಿ ಹೇಳಲಿಲ್ಲ. ಒಬ್ಬನೇ ಇರಬೇಕಾಗಿತ್ತು ಅವನಿಗೆ. ನಾನು ಗಾಡಿ ಹತ್ತಿ ಕೀಲಿ ತಿರುಗಿಸಿದೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ತಿರುಗಿ ನೋಡಿದರೆ ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ, ವಿನುತ ಪಕ್ಕದಲ್ಲಿ ಬಗ್ಗಿ, ‘ಎಂತಾಯ್ತು ಅಪ್ಪ, ಎಂತಾಯ್ತು’ ಎಂದು ಕೇಳುತ್ತಿದ್ದಳು.